ಲಿಸ್ಟಿನೊಳಗೊಂದು ಲಿಸ್ಟ್

ಸ್ಕ್ರ್ಯಾಚ್‌ನಲ್ಲಿ ಒಂದು ಲಿಸ್ಟ್ ಮಾಡಿ, ಅದಕ್ಕೆ 7, 8, 9 ಎಂಬ ಮೂರು ಅಂಕಗಳನ್ನು ತುಂಬಿ. ಆಮೇಲೆ ಇಡೀ ಲಿಸ್ಟನ್ನು ಎತ್ತಿ ಇನ್ನೊಂದು ಲಿಸ್ಟಿಗೆ ಸೇರಿಸಿ. ಒಳಗೆ ಹೋಗಿ ಕೂರುವುದು ‘789’ ಎಂಬ ಒಂದೇ ತುಂಡು! ಅಂಕಗಳು 10, 20, 30 ಆಗಿದ್ದರೆ ನಡುವೆ ಜಾಗ ಬಿಟ್ಟು ‘10 20 30’ ಎಂದಾಗುತ್ತದೆ; ಅದೂ ಬರೀ ಅಕ್ಷರಗಳ ಸಾಲೇ. ಎರಡನೇ ಅಂಕ ಎಷ್ಟು ಎಂದು ನೇರವಾಗಿ ಕೇಳುವ ದಾರಿ ಅಲ್ಲಿಗೆ ಮುಚ್ಚಿತು.

ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚನ್ನು ಎಂಐಟಿ ಮೀಡಿಯಾ ಲ್ಯಾಬ್‌ನ ಮಿಚೆಲ್ ರೆಸ್ನಿಕ್ ತಂಡ 2007ರಲ್ಲಿ ಹೊರತಂದಿತು. ಅಲ್ಲಿ ಪ್ರತಿ ಲಿಸ್ಟಿಗೂ ಒಂದು ಹೆಸರಿರಬೇಕು, ಬೇಕೆಂದಾಗ ಅದು ಪರದೆಯ ಮೇಲೆ ಕಾಣಬೇಕು. ಎಂಟು ವರ್ಷದ ಮಗುವಿಗೆ ಇಷ್ಟು ಸಾಕು, ಒಳ್ಳೆಯದೂ ಹೌದು. ಆದರೆ ಒಂದು ತರಗತಿಯ ಅಂಕಪಟ್ಟಿ ಮಾಡಲು ಹೊರಟರೆ ಹೆಸರುಗಳಿಗೊಂದು, ಅಂಕಗಳಿಗೊಂದು ಎಂದು ಎರಡು ಲಿಸ್ಟ್‌ಗಳನ್ನು ಅಕ್ಕಪಕ್ಕ ಸಾಕಬೇಕು. ಒಂದರಲ್ಲಿ ಮೂರನೆಯದನ್ನು ಅಳಿಸಿ ಇನ್ನೊಂದರಲ್ಲಿ ಮರೆತರೆ, ಅಲ್ಲಿಂದ ಕೆಳಗಿನವರೆಲ್ಲರಿಗೂ ಪಕ್ಕದವರ ಅಂಕ!

ಹಾಗಾದರೆ ಒಂದು ಹೊಸ ಬ್ಲಾಕ್ ಸೇರಿಸಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಸ್ಕ್ರ್ಯಾಚ್ ಮೇಲೆಯೇ ಕಟ್ಟಿದ ಬಿವೈಒಬಿಯನ್ನೂ ಅದರ ಮುಂದಿನ ರೂಪವಾದ ಸ್ನ್ಯಾಪನ್ನೂ ರೂಪಿಸಿದವರು ಯೆನ್ಸ್ ಮೋನಿಗ್ ಮತ್ತು ಬರ್ಕ್ಲಿಯ ಬ್ರಯಾನ್ ಹಾರ್ವೆ. ಅವರು ಲಿಸ್ಟ್ ಎಂದರೇನು ಎಂಬುದನ್ನೇ ಬದಲಿಸಿದರು. ಒಂದು ಸಂಖ್ಯೆಗೆ ಇರುವ ಎಲ್ಲ ಹಕ್ಕೂ ಲಿಸ್ಟಿಗೂ ಇರಬೇಕು: ವೇರಿಯಬಲ್‌ನಲ್ಲಿ ಇಡಬಹುದು, ಬ್ಲಾಕಿಗೆ ಕೊಡಬಹುದು, ಬ್ಲಾಕಿನಿಂದ ಪಡೆಯಬಹುದು, ಹೆಸರೇ ಇಲ್ಲದೆಯೂ ಅದು ಇರಬಹುದು. ಇಷ್ಟನ್ನು ಒಪ್ಪಿದ ಮೇಲೆ ಲಿಸ್ಟಿನೊಳಗೆ ಲಿಸ್ಟ್ ಇಡಲು ಬೇರೆ ಬ್ಲಾಕೇ ಬೇಡ. ಇದು ಹೊಸ ವಿಚಾರವೇನಲ್ಲ. ಜಾನ್ ಮೆಕಾರ್ತಿ 1958ರಲ್ಲಿ ಆರಂಭಿಸಿದ ಲಿಸ್ಪ್ ಭಾಷೆ ನಿಂತಿದ್ದೇ ಇದರ ಮೇಲೆ.

ಆದರೆ ಈ ಸವಲತ್ತಿಗೆ ಬೆಲೆಯುಂಟು. ಸ್ನ್ಯಾಪ್‌ನಲ್ಲಿ ‘ಅ’ ಎಂಬ ವೇರಿಯಬಲ್‌ಗೆ ಮೂರು ಅಂಕಗಳ ಲಿಸ್ಟ್ ಕೊಟ್ಟು, ‘ಆ’ಗೂ ಅದನ್ನೇ ಕೊಡಿ. ‘ಆ’ಗೆ ಇನ್ನೊಂದು ಅಂಕ ಸೇರಿಸಿ ‘ಅ’ವನ್ನು ನೋಡಿದರೆ ಅಲ್ಲೂ ನಾಲ್ಕು. ಲಿಸ್ಟ್ ಇರುವುದು ಒಂದೇ. ಜಂಟಿ ಖಾತೆಗೆ ಗಂಡ ಹಣ ಕಟ್ಟಿದರೆ ಹೆಂಡತಿಯ ಫೋನಿನಲ್ಲೂ ಬ್ಯಾಲೆನ್ಸ್ ಏರಿದಂತೆ. ಪಳಗಿದ ಪ್ರೋಗ್ರಾಮರ್‌ಗಳೂ ಇಲ್ಲಿ ಎಡವುತ್ತಾರೆ. ಇದು ಬೇಡವೆಂದರೆ ಲಿಸ್ಟನ್ನು ಬೇಕೆಂದೇ ಪ್ರತಿ ಮಾಡಿಕೊಳ್ಳಬೇಕು. ಒಳಗೆ ಲಿಸ್ಟ್‌ಗಳಿದ್ದರೆ ಒಂದೊಂದನ್ನೂ.

ಎರಡನೇ ತೊಡಕು ಪರದೆಯದು. ಟೈಪ್ ಮಾಡುವ ಭಾಷೆಯಲ್ಲಿ ಇನ್ನೊಂದು ಆವರಣ ಚಿಹ್ನೆ ಹಾಕಿದರಾಯಿತು; ಬ್ಲಾಕಿನೊಳಗೆ ಬ್ಲಾಕ್, ಅದರೊಳಗೆ ಮತ್ತೊಂದು ಎಂದು ಹೊರಟರೆ ಸ್ಕ್ರಿಪ್ಟ್ ಪರದೆಯಿಂದಾಚೆ ಚಾಚುತ್ತದೆ. ಲಿಸ್ಟ್‌ಗಳ ಲಿಸ್ಟನ್ನು ಸ್ನ್ಯಾಪ್ ಅಡ್ಡಸಾಲು, ಕಂಬಸಾಲುಗಳ ಕೋಷ್ಟಕವಾಗಿ ತೋರಿಸುತ್ತದೆ. ನನ್ನ ಮಟ್ಟಿಗೆ ಅದರ ಅತ್ಯಂತ ಜಾಣ ತೀರ್ಮಾನ ಇದೇ.

ಮಾಹಿತಿ ಜೋಡಿಸಿಡುವ ಇನ್ನೊಂದು ಬಗೆ ಡಿಕ್ಷನರಿ; ಅದರ ಕೆಲಸ ಬೇರೆ. ಅಲ್ಲಿ ‘ಮೂರನೆಯದು ಕೊಡು’ ಎನ್ನುವುದಿಲ್ಲ, ‘ರವಿಯ ಗಣಿತದ ಅಂಕ ಕೊಡು’ ಎನ್ನುತ್ತೇವೆ. ಫೋನ್ ಆ್ಯಪ್ ಕಟ್ಟುವ ಆ್ಯಪ್ ಇನ್ವೆಂಟರ್‌ನಲ್ಲಿ ಮೊದಲು ಇದಕ್ಕೆ ಜೋಡಿಗಳ ಲಿಸ್ಟೇ ಗತಿಯಾಗಿತ್ತು. ರವಿ ಸಿಗುವವರೆಗೆ ಮೊದಲಿನಿಂದ ಹುಡುಕಬೇಕು. ನಂತರ ಬಂದ ಡಿಕ್ಷನರಿ ಬ್ಲಾಕ್‌ಗಳ ಹಿಂದೆ ಇರುವುದು ಹ್ಯಾಶಿಂಗ್: ‘ರವಿ’ ಎಂಬ ಅಕ್ಷರಗಳಿಂದಲೇ ಒಂದು ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆಯ ಜಾಗಕ್ಕೆ ನೇರ ಹೋಗುವುದು. ಐಬಿಎಂನ ಹಾನ್ಸ್ ಪೀಟರ್ ಲೂನ್ 1953ರಲ್ಲೇ ಇದನ್ನು ಸೂಚಿಸಿದ್ದರು. ಡಿಕ್ಷನರಿಯೊಳಗೆ ಡಿಕ್ಷನರಿ ಇದ್ದರೆ ‘ರವಿ, ಗಣಿತ’ ಎಂದು ದಾರಿಯನ್ನೇ ಬರೆದುಕೊಡುವ ಬ್ಲಾಕೂ ಅಲ್ಲಿದೆ. ಇಂಟರ್ನೆಟ್ಟಿನಿಂದ ಬರುವ ಹವಾಮಾನದಂಥ ಮಾಹಿತಿ ಬಹುಪಾಲು ಇದೇ ರೂಪದಲ್ಲಿರುವುದರಿಂದ ಇದು ಬರೀ ಶೋಕಿಯಲ್ಲ.

ತಮಾಷೆಯೆಂದರೆ, ಸ್ಕ್ರ್ಯಾಚ್ 3ರ ಪ್ರಾಜೆಕ್ಟ್ ಫೈಲ್ ಒಂದು ಜಿಪ್ ಕಟ್ಟು. ಬಿಚ್ಚಿ ನೋಡಿದರೆ ಮಗು ಜೋಡಿಸಿದ ಬ್ಲಾಕ್‌ಗಳೆಲ್ಲ ಡಿಕ್ಷನರಿಯೊಳಗಿನ ಡಿಕ್ಷನರಿಗಳಾಗಿ, ಲಿಸ್ಟ್‌ಗಳಾಗಿ ಕೂತಿರುತ್ತವೆ. ಮಕ್ಕಳಿಗೆ ಕೊಡದ್ದನ್ನು ಅದು ತನಗಾಗಿ ಇಟ್ಟುಕೊಂಡಿದೆ.

ಎಲ್ಲರೂ ಸ್ಕ್ರ್ಯಾಚ್ ಬಿಟ್ಟುಬಿಡಲಿ ಎಂದು ನಾನು ಹೇಳಲಾರೆ. ಆದರೆ ಎರಡು ಲಿಸ್ಟ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒದ್ದಾಡುವ ಹೈಸ್ಕೂಲು ಹುಡುಗ, ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ ಸ್ನ್ಯಾಪ್ ತೋರಿಸಿ. ಅದು ಉಚಿತ, ಬ್ರೌಸರಿನಲ್ಲೇ ತೆರೆಯುತ್ತದೆ, ಭಾಷೆಗಳ ಮೆನುವಿನಲ್ಲಿ ಕನ್ನಡವೂ ಇದೆ.