ನಿಮಗಿದು ಗೊತ್ತೆ? ಒಂಟಿ ನಾವಿಕನಿಗೆ ಚೀನೀ ಹಾಯಿ
ಚೀನಾದ ‘ಜಂಕ್’ ಹಡಗುಗಳ ಹಾಯಿಗೆ ಮೇಲಿನಿಂದ ಕೆಳಗಿನವರೆಗೂ ಸಾಲಾಗಿ ಅಡ್ಡಕೋಲುಗಳಿರುತ್ತವೆ. ಬಿರುಗಾಳಿ ಎದ್ದಾಗ ಹಗ್ಗ ಸಡಿಲಿಸಿದರೆ ಸಾಕು, ಹಾಯಿ ಮಡಿಕೆ ಮಡಿಕೆಯಾಗಿ ಕೆಳಗಿಳಿಯುತ್ತದೆ. ಅಲೆ ಅಪ್ಪಳಿಸುವಾಗ ಕಂಬದ ಬುಡಕ್ಕೆ ಓಡಬೇಕಿಲ್ಲ. ಒಬ್ಬರೇ ಸಾಗರ ದಾಟುವವರಿಗೆ ಇದಕ್ಕಿಂತ ದೊಡ್ಡ ವರ ಯಾವುದು?

ಬ್ರಿಟನ್ನಿನ ಬ್ಲಾಂಡಿ ಹ್ಯಾಸ್ಲರ್ 1960ರಲ್ಲಿ ಇಂಥ ಹಾಯಿಯ, ಬರೀ 25 ಅಡಿಯ ‘ಜೆಸ್ಟರ್’ನಲ್ಲಿ ಅಟ್ಲಾಂಟಿಕ್ ದಾಟಿದರು. ಜಲಾಂತರ್ಗಾಮಿಯ ಮಾಜಿ ಕಮಾಂಡರ್ ಬಿಲ್ ಕಿಂಗ್ ಅದೇ ಬಗೆಯ ಹಾಯಿಯನ್ನು ನೆಚ್ಚಿ 42 ಅಡಿಯ ‘ಗಾಲ್ವೇ ಬ್ಲೇಜರ್ 2’ ಕಟ್ಟಿಸಿದರು. ಅದರ ಎರಡು ಕಂಬಗಳಿಗೆ ಬಿಗಿಹಗ್ಗಗಳ ಆಸರೆಯೇ ಇರಲಿಲ್ಲ! 1968ರಲ್ಲಿ ಒಬ್ಬರೇ ಭೂಪ್ರದಕ್ಷಿಣೆಗೆ ಹೊರಟಾಗ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ದೋಣಿ ಮಗುಚಿ ಕಂಬ ಮುರಿಯಿತು. ಕಿಂಗ್ ಬಿಡಲಿಲ್ಲ, ಮತ್ತೆ ಹೊರಟು 1973ರಲ್ಲಿ ಭೂಪ್ರದಕ್ಷಿಣೆ ಮುಗಿಸಿಯೇ ಬಿಟ್ಟರು. ಆಗ ಅವರಿಗೆ 60 ದಾಟಿತ್ತು.