ಹೋಗಿ ಬರುವ ಮಾತಿಗೆ ಸಾಕ್ಷಿ

ಮನೆಯಿಂದ ಹೊರಡುವವನು ಹೊಸ್ತಿಲಲ್ಲಿ ನಿಂತು ‘ಹೋಗುತ್ತೇನೆ’ ಎನ್ನುವುದು ನಮ್ಮಲ್ಲಿ ವಾಡಿಕೆಯಲ್ಲ. ಆ ಮಾತು ಅಮಂಗಳವೆಂದು ಬಗೆದು, ಕೂಗಳತೆಯ ಅಂಗಡಿಗೆ ಹೊರಟವನೂ ‘ಹೋಗಿ ಬರುತ್ತೇನೆ’ ಎಂದೇ ಹೇಳುತ್ತಾನೆ. ಹಾಗೆ ಹೇಳಿದವನ ಮನಸ್ಸಿನಲ್ಲಿ ಬರುವ ಸಂಕಲ್ಪ ನಿಜವಾಗಿಯೂ ಇತ್ತೆ, ಇದ್ದರೆ ಎಷ್ಟು ದಿನದೊಳಗೆ ಬರುವುದಾಗಿತ್ತು, ಅದಕ್ಕೆ ಆಧಾರವೇನು ಎಂದು ಮನೆಯವರು ಯಾರೂ ಕೇಳುವುದಿಲ್ಲ. ಆದರೆ ರಾಷ್ಟ್ರವೊಂದು ಪರದೇಶದವನನ್ನು ತನ್ನ ನೆಲದಲ್ಲಿ ಕಾಯಮ್ಮಾಗಿ ವಾಸಿಸಲು ಬಿಟ್ಟುಕೊಂಡು, ಆಮೇಲೆ ಅವನು ಹುಟ್ಟೂರನ್ನು ನೋಡಿ ಬರಲು ಹೊರಟನೆಂದರೆ, ಈ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗಳು ಹೇಗೆ ಹುಟ್ಟಿದುವು, ಹೇಗೆ ಬೆಳೆದುವು ಎಂಬುದನ್ನು ತಿಳಿಯಬೇಕೆಂಬ ಆಸೆ ನನಗೆ ಉಂಟಾದುದು ನಮ್ಮ ಬೀದಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆಯ ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರನ್ನು ನೋಡಿ.

ಮೇಷ್ಟ್ರು ಆ ಕ್ಯಾಲೆಂಡರಿನಲ್ಲಿ ಏಕಾದಶಿ ಸಂಕಷ್ಟಹರಗಳ ಜೊತೆಗೆ ಇನ್ನೊಂದು ಲೆಕ್ಕವನ್ನೂ ಕೆಂಪು ಶಾಯಿಯಲ್ಲಿ ಗುರುತು ಮಾಡುತ್ತಿದ್ದರು. ಅಮೆರಿಕದ ಪೌರತ್ವ ಪಡೆದ ಮಗಳು ಅರ್ಜಿ ಹಾಕಿ ತಂದೆತಾಯಿಗಳಿಗೆ ಗ್ರೀನ್ ಕಾರ್ಡು ತರಿಸಿದ್ದಳು. ಆದರೆ ಅವರ ಮನೆ, ಪಿಂಚಣಿ, ವೈದ್ಯರು, ಸಂಜೆಯ ಕಟ್ಟೆಯ ಗೆಳೆಯರು ಎಲ್ಲವೂ ಮೈಸೂರಿನಲ್ಲಿ. ಆರು ತಿಂಗಳಿಗೊಮ್ಮೆ ಹೋಗಿ ಅಲ್ಲಿಯ ನೆಲವನ್ನು ಮುಟ್ಟಿ ಬಂದರೆ ಕಾರ್ಡು ಉಳಿಯುತ್ತದೆ ಎಂದು ಯಾರೋ ಹೇಳಿದ್ದುದರಿಂದ, ನೂರೆಂಬತ್ತನೆಯ ದಿನವು ಸಮೀಪಿಸಿದಂತೆಲ್ಲ ಆ ಇಬ್ಬರು ವೃದ್ಧರ ಮುಖದಲ್ಲಿ ಒಂದು ಬಗೆಯ ಕಳವಳ ಮೂಡುತ್ತಿತ್ತು. ಆ ನಂಬಿಕೆ ಅರ್ಧಸತ್ಯ. ಅದು ಏಕೆ ಅರ್ಧಸತ್ಯವೆಂಬುದೇ ಈ ಚರಿತ್ರೆಯ ಸಾರ.

ಇದರ ಮೊದಲ ಅಧ್ಯಾಯ ಚೀನೀ ಕೂಲಿಕಾರರದು. 1882ರ ಶಾಸನವು ಚೀನದ ಶ್ರಮಜೀವಿಗಳಿಗೆ ಅಮೆರಿಕದ ಬಾಗಿಲನ್ನು ಮುಚ್ಚಿತಾದರೂ, ಅದಕ್ಕೆ ಮೊದಲೇ ಅಲ್ಲಿ ನೆಲಸಿದ್ದವರು ಊರಿಗೆ ಹೋಗಿ ಮರಳುವುದಕ್ಕೆ ಅವಕಾಶವನ್ನು ಉಳಿಸಿತ್ತು. ಹಡಗು ಹತ್ತುವ ಮುನ್ನ ಬಂದರಿನ ಸುಂಕದ ಅಧಿಕಾರಿಯು ಅವರ ಹೆಸರು, ವಯಸ್ಸು, ಕಸುಬು, ಮೈಮೇಲಿನ ಗುರುತುಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಮರಳಿ ಬರಲು ಅಧಿಕಾರವುಂಟೆಂಬ ಪ್ರಮಾಣಪತ್ರವನ್ನು ಕೈಗೆ ಕೊಡುತ್ತಿದ್ದನು. ಹನ್ನೆರಡು ವರ್ಷ ಸಾನ್ ಫ್ರಾನ್ಸಿಸ್ಕೋದಲ್ಲಿ ದುಡಿದ ಚೇ ಚಾನ್ ಪಿಂಗ್ ಎಂಬಾತನು ಇಂಥ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು 1887ರ ಜೂನ್ ತಿಂಗಳಲ್ಲಿ ಚೀನಕ್ಕೆ ಹೋದನು. ಮರುವರ್ಷ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗಿನಿಂದ ಹಡಗು ಹತ್ತಿದನು. ಅವನು ಇನ್ನೂ ನಡುಗಡಲಿನಲ್ಲಿರುವಾಗ, 1888ರ ಅಕ್ಟೋಬರ್ 1ರಂದು, ಸ್ಕಾಟ್ ಶಾಸನವೆಂಬುದು ಜಾರಿಗೆ ಬಂದು, ಅಂಥ ಪ್ರಮಾಣಪತ್ರಗಳೆಲ್ಲವೂ ಒಂದೇ ಏಟಿಗೆ ನಿರರ್ಥಕವಾದುವು. ಒಂದು ವಾರದ ಮೇಲೆ, ಅಕ್ಟೋಬರ್ 8ರಂದು, ಅವನ ಹಡಗು ಬಂದರನ್ನು ಸೇರಿತು. ಅವನಿಗೆ ಇಳಿಯಲು ಅಪ್ಪಣೆ ದೊರೆಯಲಿಲ್ಲ. ಸರ್ಕಾರವೇ ಕೊಟ್ಟ ಮಾತಿನ ಪತ್ರವಿದು ಎಂದು ಅವನು ವಾದಿಸಿದನು. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸಾರ್ವಭೌಮ ರಾಷ್ಟ್ರಕ್ಕೆ ಇದ್ದೇ ಇರುತ್ತದೆ ಎಂದು 1889ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಸುಮಾರು ಇಪ್ಪತ್ತು ಸಾವಿರ ಮಂದಿ ಚೀನೀಯರು ಕೈಯಲ್ಲಿ ಪತ್ರವಿದ್ದೂ ಆಚೆಯ ದಡದಲ್ಲಿಯೇ ಉಳಿದುಹೋದರು. ಚೀಟಿ ಬೇರೆ, ಹಕ್ಕು ಬೇರೆ ಎಂಬ ಕಠಿಣ ಪಾಠವನ್ನು ಪ್ರವಾಸಿಗಳು ಮೊದಲು ಕಲಿತದ್ದು ಆ ಬಂದರಿನ ಕಟ್ಟೆಯ ಮೇಲೆ.

ಸ್ಕಾಟ್ ಶಾಸನದ ಆರು ವರ್ಷಗಳ ತರುವಾಯ ಉಭಯ ರಾಷ್ಟ್ರಗಳ ನಡುವೆ ಏರ್ಪಟ್ಟ 1894ರ ಕೌಲು ಆ ಕಾಠಿಣ್ಯವನ್ನು ಕೊಂಚ ಸಡಿಲಿಸಿತು. ಅಮೆರಿಕದಲ್ಲಿ ಹೆಂಡತಿಯೋ ಮಗುವೋ ತಂದೆತಾಯಿಯೋ ಇರುವವನು, ಅಥವಾ ಸಾವಿರ ಡಾಲರಿನ ಆಸ್ತಿಯೋ ಅಷ್ಟೇ ಮೊತ್ತದ ಬರತಕ್ಕ ಸಾಲವೋ ಉಳ್ಳವನು, ಹೊರಟ ದಿನದಿಂದ ಒಂದು ವರ್ಷದೊಳಗೆ ಮರಳಬಹುದು. ಕಾಯಿಲೆಯಿಂದಲೋ ತನ್ನ ಕೈಮೀರಿದ ಬೇರೆ ಕಾರಣದಿಂದಲೋ ತಡವಾದರೆ ಇನ್ನೊಂದು ವರ್ಷದ ಅವಧಿಯುಂಟು. ಇಂದಿನ ನಿಯಮಗಳನ್ನು ಬಲ್ಲವರು ಇದನ್ನೋದಿದರೆ ಬೆರಗಾಗುತ್ತಾರೆ. ಒಂದು ವರ್ಷವೆಂಬ ಗಡುವು, ಕುಟುಂಬ ಮತ್ತು ಆಸ್ತಿಗಳೆಂಬ ಸಾಕ್ಷ್ಯ, ಕೈಮೀರಿದ ಕಾರಣವೆಂಬ ವಿನಾಯಿತಿ, ಈ ಮೂರೂ ಅಲ್ಲಿ ಆಗಲೇ ಇವೆ. ಒಂದು ಜನಾಂಗವನ್ನು ಹೊರಗಿಡಲು ಕಟ್ಟಿದ ಗೋಡೆಯ ಕಿಂಡಿಯೇ ಮುಂದೆ ಎಲ್ಲ ಜನಾಂಗಗಳೂ ಓಡಾಡುವ ಬಾಗಿಲಿನ ಅಳತೆಯಾಯಿತೇನೋ ಎಂದು ನನಗೆ ತೋರುತ್ತದೆ.

1924ರ ವಲಸೆ ಶಾಸನವು ತಾತ್ಕಾಲಿಕವಾಗಿ ಹೊರಗೆ ಹೋಗಿ ಮರಳುವ ನಿವಾಸಿಯನ್ನು ರಾಷ್ಟ್ರವಾರು ಸಂಖ್ಯಾಮಿತಿಯಿಂದ ಹೊರಗಿರಿಸಿ, ಅವನಿಗಾಗಿ ಮರುಪ್ರವೇಶದ ಪರವಾನಗಿಯೊಂದನ್ನು ಏರ್ಪಡಿಸಿತು. ಅದರಲ್ಲಿ ಸ್ಪಷ್ಟವಾಗಿ ವಿಧಿಸಿದ್ದ ಒಂದು ಮಾತು ಗಮನಾರ್ಹವಾದುದು: ಈ ಪರವಾನಗಿಯು ತಾನಾಗಿ ಯಾವ ಹಕ್ಕನ್ನೂ ಕೊಡತಕ್ಕದ್ದಲ್ಲ, ಹೋದವನು ತಾತ್ಕಾಲಿಕ ಭೇಟಿಯಿಂದ ಮರಳುತ್ತಿದ್ದಾನೆಂಬುದನ್ನು ತೋರಿಸಲು ಮಾತ್ರವೇ ಅದು ಉಪಯುಕ್ತ. ನಮ್ಮವರಿಗಾದರೋ ಆ ಕಾಲದಲ್ಲಿ ಈ ಸೌಲಭ್ಯದಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ. 1917ರ ಶಾಸನವು ಭಾರತವನ್ನು ನಿಷಿದ್ಧ ವಲಯದೊಳಗೆ ಸೇರಿಸಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅನರ್ಹರೆಂಬ ತೀರ್ಪು ಹೊರಬಿದ್ದಿತ್ತು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಲೂಸ್-ಸೆಲ್ಲರ್ ಶಾಸನದ ಮೇಲೆಯೇ ನಮ್ಮವರಿಗೆ ಪೌರತ್ವದ ಮಾರ್ಗ ತೆರೆದದ್ದು. ಅದೂ ವರ್ಷಕ್ಕೆ ನೂರು ಮಂದಿಯ ಪ್ರವೇಶವೆಂಬ ಮಿತಿಯೊಡನೆ.

ಗ್ರೀನ್ ಕಾರ್ಡೆಂಬ ಹೆಸರು ಬಂದುದೂ ಸುಮಾರು ಅದೇ ಕಾಲಕ್ಕೆ. ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿದ್ದ 1940ರಲ್ಲಿ, ಹದಿನಾಲ್ಕು ವರ್ಷ ತುಂಬಿದ ಪರದೇಶೀಯರೆಲ್ಲರೂ ಅಂಚೆ ಕಚೇರಿಗೆ ಹೋಗಿ ಬೆರಳಚ್ಚನ್ನು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಶಾಸನ ಬಂದಿತು. ಯುದ್ಧಾನಂತರ ಈ ನೋಂದಣಿಯು ವಲಸೆಯ ಕ್ರಮದಲ್ಲಿಯೇ ಸೇರಿಹೋಗಿ, ಕಾಯಂ ನಿವಾಸಿಗಳಿಗೆ ಐ-151 ಎಂಬ ಚೀಟಿಯನ್ನು ಕೊಡತೊಡಗಿದರು. ಅದರ ಬಣ್ಣ ಹಸಿರು. 1964ರಲ್ಲಿ ಬಣ್ಣ ನೀಲಿಯಾಯಿತು, ಆಮೇಲೆ ಬೇರೆ ಬೇರೆಯಾಯಿತು, 2010ರಲ್ಲಿ ಪುನಃ ಹಸಿರಿಗೆ ಮರಳಿತು; ಹೆಸರು ಮಾತ್ರ ಅಷ್ಟು ಕಾಲವೂ ಕದಲಲಿಲ್ಲ.

ಕಾನೂನಿನ ಅಕ್ಷರಕ್ಕೂ ಮನುಷ್ಯನ ಅಂತರಂಗಕ್ಕೂ ನಡೆದ ಜಗ್ಗಾಟವನ್ನು ನೋಡಬೇಕಾದರೆ ನ್ಯಾಯಾಲಯಗಳಿಗೆ ಹೋಗಬೇಕು. ನಿವಾಸಿಯು ಒಮ್ಮೆ ಗಡಿ ದಾಟಿ ಮರಳಿದನೆಂದರೆ ಅದು ಹೊಸದಾದ ‘ಪ್ರವೇಶ’ವೆಂದೇ ಬಹುಕಾಲ ಎಣಿಸಲಾಗುತ್ತಿತ್ತು, ಹಾಗೆ ಎಣಿಸಿದ ಕೂಡಲೇ ಅವನು ಮೊದಲ ದಿನ ಬಂದವನಂತೆ ಎಲ್ಲ ಪರೀಕ್ಷೆಗೂ ಗುರಿಯಾಗುತ್ತಿದ್ದನು. ಬಫಲೋದಿಂದ ಡೆಟ್ರಾಯಿಟಿಗೆ ರಾತ್ರಿಯ ರೈಲಿನಲ್ಲಿ ಮಲಗಿ ಹೋದವನೊಬ್ಬನ ಬೋಗಿಯು, ಅವನು ನಿದ್ರಿಸುತ್ತಿದ್ದಾಗ, ಕೆನಡದ ನೆಲದ ಮೇಲೆ ಹಾದುಹೋಯಿತು. ಡೆಲ್ಗಡಿಲೋ ಎಂಬ ನಾವಿಕನ ಹಡಗು 1942ರಲ್ಲಿ ಟಾರ್ಪೆಡೋ ಏಟಿಗೆ ಸಿಕ್ಕಿ ಮುಳುಗಿ, ಬದುಕುಳಿದ ಅವನನ್ನು ಕ್ಯೂಬದ ಹವಾನಕ್ಕೆ ಕರೆದೊಯ್ದರು. ಇವರಿಬ್ಬರೂ ದೇಶವನ್ನು ಬಿಟ್ಟು ಮತ್ತೆ ಪ್ರವೇಶಿಸಿದವರೆಂದು ಸರ್ಕಾರ ವಾದಿಸಿತು. ನಿದ್ರೆಯಲ್ಲಿದ್ದವನಿಗೂ ನೀರುಪಾಲಾಗಬೇಕಿದ್ದವನಿಗೂ ದೇಶ ಬಿಡುವ ಸಂಕಲ್ಪವೆಲ್ಲಿಯದು ಎಂಬ ವಿವೇಕವನ್ನು 1947ರಲ್ಲಿ ನ್ಯಾಯಾಲಯಗಳು ಎತ್ತಿಹಿಡಿದುವು.

ಆದರೆ ಆ ವಿವೇಕ ಎಲ್ಲರ ಪಾಲಿಗೂ ಒದಗಲಿಲ್ಲ. ಇಗ್ನಾಟ್ಸ್ ಮೆಜಾಯಿ ಎಂಬ ಬಡಗಿಯ ವೃತ್ತಾಂತವನ್ನು ಓದಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟುಹೋಗಿಲ್ಲ. ಬಫಲೋ ನಗರದಲ್ಲಿ ಇಪ್ಪತ್ತೈದು ವರ್ಷ ಸಂಸಾರ ಮಾಡಿಕೊಂಡಿದ್ದ ಈತನು, ರುಮೇನಿಯದಲ್ಲಿ ತಾಯಿ ಮರಣಶಯ್ಯೆಯಲ್ಲಿದ್ದಾಳೆಂದು ತಿಳಿದು 1948ರಲ್ಲಿ ಹೊರಟನು. ರುಮೇನಿಯ ಒಳಗೆ ಬಿಡಲಿಲ್ಲ. ತಾಯಿಯ ಮುಖವನ್ನೂ ಕಾಣದೆ ಹಂಗೇರಿಯಲ್ಲಿ ಹತ್ತೊಂಬತ್ತು ತಿಂಗಳು ಸಿಕ್ಕಿಬಿದ್ದು, ಕೊನೆಗೆ ಅಮೆರಿಕದ ರಾಯಭಾರ ಕಚೇರಿಯಿಂದಲೇ ವೀಸಾ ಪಡೆದು 1950ರ ಫೆಬ್ರವರಿಯಲ್ಲಿ ನ್ಯೂಯಾರ್ಕಿಗೆ ಬಂದಾಗ, ಬಹಿರಂಗಪಡಿಸಲಾಗದ ಭದ್ರತೆಯ ಕಾರಣದಿಂದ ನಿನಗೆ ಪ್ರವೇಶವಿಲ್ಲವೆಂದರು. ಮರಳಿ ಕಳುಹಿಸೋಣವೆಂದರೆ ಫ್ರಾನ್ಸ್ ಒಲ್ಲೆನೆಂದಿತು, ಬ್ರಿಟನ್ ಒಲ್ಲೆನೆಂದಿತು, ಹಂಗೇರಿಯೂ ಒಲ್ಲೆನೆಂದಿತು. ಎಲ್ಲಿಸ್ ದ್ವೀಪದಲ್ಲಿ ಅವನು ಬಂದಿಯಾದನು. 1953ರ ಫೆಬ್ರವರಿಯಲ್ಲಿ, ಅಮೆರಿಕದ ಹಡಗಿನಲ್ಲಿ ದುಡಿದು ನಾಲ್ಕು ತಿಂಗಳಿಗೆ ಮರಳಿದ ಕ್ವಾಂಗ್ ಹೈ ಚ್ಯೂ ಎಂಬ ನಾವಿಕನಿಗೆ ವಿಚಾರಣೆಯ ಹಕ್ಕುಂಟೆಂದು ತೀರ್ಪಿತ್ತ ಅದೇ ಸುಪ್ರೀಂ ಕೋರ್ಟು, ಐದು ವಾರಗಳ ಮೇಲೆ, ಐದು-ನಾಲ್ಕರ ಬಹುಮತದಿಂದ, ಪರವಾನಗಿಯಿಲ್ಲದೆ ಹತ್ತೊಂಬತ್ತು ತಿಂಗಳು ದೂರವಿದ್ದ ಮೆಜಾಯಿಗೆ ಅದಿಲ್ಲವೆಂದಿತು. ನ್ಯಾಯಮೂರ್ತಿ ಜ್ಯಾಕ್ಸನ್ ಮೊದಲಾದವರ ಭಿನ್ನಮತವನ್ನು ಓದಿದವರಿಗೆ ಧರ್ಮ ಯಾವ ಪಕ್ಷದಲ್ಲಿತ್ತೆಂಬುದರಲ್ಲಿ ಸಂದೇಹವುಳಿಯದು. 1954ರ ಆಗಸ್ಟಿನಲ್ಲಿ ಅವನನ್ನು ಬಿಡುಗಡೆ ಮಾಡಿದರು. ಅದೂ ಹಕ್ಕಿನಿಂದಲ್ಲ, ಕನಿಕರದಿಂದ. ತಾಯಿಯನ್ನು ನೋಡಲು ಹೊರಟ ಮಗನಿಗೆ ತನ್ನ ಮನೆಯ ದಾರಿ ಆರು ವರ್ಷ ಹಿಡಿಯಿತು.

ಆ ತೀರ್ಪಿನ ಹತ್ತು ವರ್ಷಗಳ ಮೇಲೆ, 1963ರಲ್ಲಿ, ಗಾಳಿ ಬೇರೆ ಕಡೆಗೆ ತಿರುಗಿತು. ಫ್ಲೂಟಿ ಎಂಬ ಸ್ವಿಸ್ ಪ್ರಜೆ ಮೆಕ್ಸಿಕೋದ ಎನ್ಸೆನಾಡಕ್ಕೆ ಕೆಲವು ಗಂಟೆಗಳ ಮಟ್ಟಿಗೆ ಹೋಗಿಬಂದಿದ್ದನು. ನಿರ್ದುಷ್ಟವೂ ಆಕಸ್ಮಿಕವೂ ಅಲ್ಪಕಾಲಿಕವೂ ಆದ ಇಂಥ ಸಂಚಾರದಿಂದ ನಿವಾಸಿಯ ನಿವಾಸಕ್ಕೆ ಭಂಗವಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. 1996ರ ಶಾಸನವು ಈ ವಿಷಯಕ್ಕೆ ದಿನಗಳ ಲೆಕ್ಕವನ್ನು ತಂದು ಜೋಡಿಸಿತು. ನಿವಾಸವನ್ನು ತ್ಯಜಿಸದಿರುವ, ಒಂದೇ ಸಮನೆ 180 ದಿನಗಳಿಗೆ ಮೀರಿ ಹೊರಗಿರದ ನಿವಾಸಿಯನ್ನು, ಅಪರಾಧಾದಿ ಬೇರೆ ತೊಡಕುಗಳಿಲ್ಲದಿದ್ದರೆ, ಹೊಸದಾಗಿ ಪ್ರವೇಶ ಕೋರುವವನೆಂದು ಎಣಿಸತಕ್ಕದ್ದಲ್ಲ. ಮೇಷ್ಟ್ರ ಕ್ಯಾಲೆಂಡರಿನ ನೂರೆಂಬತ್ತು ಹುಟ್ಟಿದ್ದು ಇಲ್ಲಿ. ಆದರೆ ‘ತ್ಯಜಿಸದಿರುವ’ ಎಂಬ ಪದವನ್ನು ಊರಿನ ಸಲಹೆಗಾರರು ಮರೆತುಬಿಡುತ್ತಾರೆ. ಕೇನ್ ಎಂಬ ಜಮೈಕದ ಮಹಿಳೆ ತನ್ನ ನಾಡಿನಲ್ಲಿ ವಸತಿಗೃಹ ನಡೆಸುತ್ತ, ವರ್ಷದಲ್ಲಿ ಹನ್ನೊಂದು ತಿಂಗಳನ್ನು ಅಲ್ಲಿಯೇ ಕಳೆದು, ತಪ್ಪದೆ ಅಮೆರಿಕಕ್ಕೆ ಬಂದುಹೋಗುತ್ತಿದ್ದಳು. 1975ರಲ್ಲಿ ವಲಸೆಯ ಮೇಲ್ಮನವಿ ಮಂಡಲಿಯು, ಮನೆಯೂ ಉದ್ಯೋಗವೂ ಎಲ್ಲಿವೆ, ಹೋದ ಉದ್ದೇಶವೇನು, ಹೊರಗಿರುವ ಅವಧಿಗೆ ಗೊತ್ತಾದ ಕೊನೆಯುಂಟೆ ಎಂಬವನ್ನು ತೂಗಿ ನೋಡಿ, ಆಕೆಯ ನಿವಾಸ ಕಳೆದುಹೋಯಿತೆಂದೇ ನಿರ್ಣಯಿಸಿತು. ನೆಲ ಮುಟ್ಟುವುದು ನೆಲಸುವುದಲ್ಲ.

ಈಗಿನ ವಿಧಿಗಳು ಸಂಕ್ಷೇಪವಾಗಿ ಇಂತಿವೆ. ಒಂದು ವರ್ಷಕ್ಕಿಂತ ಕಡಿಮೆಯ ಗೈರುಹಾಜರಿಗೆ ಕಾರ್ಡೇ ಪ್ರಯಾಣಪತ್ರ. ಅದಕ್ಕೆ ಮೀರುವಂತಿದ್ದರೆ ಹೊರಡುವುದಕ್ಕೆ ಮುಂಚೆ, ಅಮೆರಿಕದ ನೆಲದಲ್ಲಿ ಇರುವಾಗಲೇ, ಐ-131 ಅರ್ಜಿ ಸಲ್ಲಿಸಿ ರೀಎಂಟ್ರಿ ಪರ್ಮಿಟ್ ಪಡೆಯಬೇಕು. ಸಾಮಾನ್ಯವಾಗಿ ಅದರ ಆಯುಸ್ಸು ಎರಡು ವರ್ಷ, ವಿಸ್ತರಣೆಯಿಲ್ಲ. ಅದೂ ತೀರಿದ ಮೇಲೆ, ಮರಳುವ ಸಂಕಲ್ಪದಿಂದಲೇ ಹೊರಟಿದ್ದೆ, ಕೈಮೀರಿದ ಕಾರಣದಿಂದ ತಡವಾಯಿತು ಎಂದು ರಾಯಭಾರ ಕಚೇರಿಯಲ್ಲಿ ಸಾಬೀತುಪಡಿಸಿ ಎಸ್‌ಬಿ-1 ವೀಸಾ ಕೇಳಬೇಕು. ತೆರಿಗೆಯ ಲೆಕ್ಕದಲ್ಲಿ ತಾನು ಅನಿವಾಸಿಯೆಂದು ಬರೆದುಕೊಂಡವನ ಸಂಕಲ್ಪವನ್ನು ಯಾರೂ ನಂಬುವುದಿಲ್ಲ. ವಿಮಾನನಿಲ್ದಾಣದಲ್ಲಿ ಅಧಿಕಾರಿಯು ತ್ಯಾಗಪತ್ರಕ್ಕೆ ಸಹಿ ಹಾಕೆಂದರೆ ಹಾಕಲೇಬೇಕೆಂಬ ವಿಧಿಯಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆಯನ್ನು ಕೋರಬಹುದು. ದೀರ್ಘ ಪ್ರಯಾಣದಿಂದ ಬಳಲಿ ಭಾಷೆಯೂ ಸರಿಯಾಗಿ ತಿಳಿಯದೆ ನಿಂತ ನಮ್ಮ ಹಿರಿಯರಿಗೆ ಇದನ್ನು ಮುಂಚಿತವಾಗಿ ಹೇಳಿ ಕಳುಹಿಸುವುದು ಮಕ್ಕಳ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ನೆರೆಯ ಕೆನಡ ಹಿಡಿದ ದಾರಿ ಬೇರೆ. ಹನ್ನೆರಡು ತಿಂಗಳಲ್ಲಿ 183 ದಿನಕ್ಕೆ ಮೀರಿ ಹೊರಗಿದ್ದವನು ನಿವಾಸವನ್ನು ಬಿಡುವ ಮನಸ್ಸು ಮಾಡಿದನೆಂದು ಊಹಿಸುತ್ತಿದ್ದ ಹಳೆಯ ಶಾಸನವನ್ನು ಬದಿಗಿರಿಸಿ, 2002ರಿಂದ ಅದು ಐದು ವರ್ಷಗಳಲ್ಲಿ 730 ದಿನಗಳ ವಾಸವನ್ನು ಕೇಳುತ್ತದೆ. ಮನಸ್ಸನ್ನು ಅಳೆಯುವ ಗೋಜಿಲ್ಲದ ಈ ಲೆಕ್ಕ ವೃದ್ಧರಿಗೆ ನೆಮ್ಮದಿಯದು. ಕನಿಷ್ಠ ಪಕ್ಷ, ತಾವು ಎಲ್ಲಿ ನಿಂತಿದ್ದೇವೆಂಬುದು ಅವರಿಗೆ ತಿಳಿದಿರುತ್ತದೆ.

2020ರ ಮಾರ್ಚ್ 23ರಿಂದ ಭಾರತದ ನಿಯತ ಅಂತರರಾಷ್ಟ್ರೀಯ ವಿಮಾನಸಂಚಾರ ಸ್ತಬ್ಧವಾಗಿ, ವಿಶೇಷ ವಿಮಾನಗಳ ಹೊರತು ಬೇರೆ ಗತಿಯಿಲ್ಲದೆ, 2022ರ ಮಾರ್ಚ್ 27ರವರೆಗೂ ಅದು ಪೂರ್ವಸ್ಥಿತಿಗೆ ಬಾರದಿದ್ದ ಆ ಎರಡು ವರ್ಷಗಳಲ್ಲಿ, ನಮ್ಮ ಮೇಷ್ಟ್ರ ಕೆಂಪು ಗುರುತುಗಳು ನೂರೆಂಬತ್ತನ್ನು ದಾಟಿದುವು, ಮುನ್ನೂರ ಅರವತ್ತೈದನ್ನೂ ದಾಟಿದುವು. ಕೈಮೀರಿದ ಕಾರಣವೆಂಬುದಕ್ಕೆ ಅದಕ್ಕಿಂತ ಪ್ರಬಲವಾದ ಉದಾಹರಣೆ ಬೇಕಿರಲಿಲ್ಲ. ಮಗಳು ಕಾಗದಪತ್ರಗಳನ್ನು ಸಿದ್ಧಪಡಿಸುತ್ತೇನೆಂದಳು. ಮೇಷ್ಟ್ರು ಬಹಳ ದಿನ ಯೋಚಿಸಿದರು. ‘ಮಗೂ, ಮರಳುವ ಸಂಕಲ್ಪವಿತ್ತೆ ಎಂದು ಅವರು ಕೇಳುತ್ತಾರೆ. ನಿನ್ನನ್ನು ನೋಡುವ ಸಂಕಲ್ಪ ಇತ್ತು, ಇದೆ. ಅಲ್ಲಿ ಮನೆ ಮಾಡುವ ಸಂಕಲ್ಪ ನನಗೂ ನಿಮ್ಮಮ್ಮನಿಗೂ ಎಂದೂ ಇರಲಿಲ್ಲವಲ್ಲ’ ಎಂದು ಫೋನಿನಲ್ಲಿ ಹೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ‘ಆಗಲಿ ಅಪ್ಪ, ಟೂರಿಸ್ಟ್ ವೀಸಾದಲ್ಲೇ ಬನ್ನಿ’ ಎಂದಳು.

ಐ-407 ಎಂಬುದು ನಿವಾಸತ್ಯಾಗದ ನಮೂನೆ. ಅದನ್ನು ತುಂಬುವಾಗ ನಾನು ಜೊತೆಯಲ್ಲಿದ್ದೆ. ಮೇಷ್ಟ್ರು ಶಾಲೆಯ ಹಾಜರಿ ಪುಸ್ತಕ ಬರೆಯುವ ದುಂಡು ಅಕ್ಷರದಲ್ಲಿ ಎರಡು ನಮೂನೆಗಳನ್ನೂ ಬರೆದು, ಎರಡು ಕಾರ್ಡುಗಳನ್ನು ಒಳಗಿಟ್ಟು, ಲಕೋಟೆಗೆ ಅಂಟು ಹಚ್ಚಿದರು. ಎಂಬತ್ತು ವರ್ಷಗಳ ಹಿಂದೆ ಅಂಚೆ ಕಚೇರಿಯ ಕಿಟಕಿಯಲ್ಲಿ ಪ್ರಾರಂಭವಾದ ಆ ಚೀಟಿಯನ್ನು ಹಿಡಿದು ಇಬ್ಬರೂ ನಮ್ಮ ಬಡಾವಣೆಯ ಅಂಚೆ ಕಚೇರಿಗೆ ನಡೆದೇ ಹೋದರು. ಹೊರಡುವಾಗ ಅವರ ಮನೆಯಾಕೆ ಗೇಟಿನಿಂದ ತಿರುಗಿ ನೋಡಿ, ‘ಹೋಗಿ ಬರ್ತೀವಪ್ಪ, ಮನೆ ಕಡೆ ಸ್ವಲ್ಪ ನೋಡ್ಕೊ’ ಎಂದರು.