ಜರ್ಮನ್ ಪದಪಾಠದಲ್ಲಿ ಲಿಂಗವಿಚಾರ

ಜರ್ಮನ್ ಭಾಷೆಯ ಅಭ್ಯಾಸಕ್ಕೆ ತೊಡಗಿದ ಕನ್ನಡಿಗನನ್ನು ಮೊದಲು ತಡೆಯುವುದು ಶಬ್ದಗಳ ಉಚ್ಚಾರಕ್ಕಿಂತಲೂ ಅವುಗಳ ಲಿಂಗವೇ. ಕನ್ನಡದಲ್ಲಿ ಲಿಂಗವು ಅರ್ಥಾನುಸಾರಿ, ಜರ್ಮನಿನಲ್ಲಾದರೋ ಶಬ್ದಾನುಸಾರಿ. ಮೇಜನ್ನು ಹೇಳುವ ‘ಟಿಶ್’ ಪುಲ್ಲಿಂಗ, ಬಾಗಿಲೆಂಬರ್ಥದ ‘ಟ್ಯೂರ್’ ಸ್ತ್ರೀಲಿಂಗ, ಮನೆಯೆಂಬರ್ಥದ ‘ಹೌಸ್’ ನಪುಂಸಕ. ಇವುಗಳ ಹಿಂದೆ ಕ್ರಮವಾಗಿ ಡೇರ್, ಡೀ, ಡಾಸ್ ಎಂಬ ನಿರ್ದೇಶಕಪದಗಳು ನಿಲ್ಲುತ್ತವೆ.

ಇಂಗ್ಲಿಷಿನ ಮೂಲಕ ಪದಪಟ್ಟಿಯನ್ನು ಉರುಹಚ್ಚಿಸುವ ವಾಡಿಕೆಯಲ್ಲಿ ಈ ಭೇದವು ಅಳಿಸಿಹೋಗುವುದು. ಇಂಗ್ಲಿಷಿಗೆ ನಿರ್ದೇಶಕವು ಒಂದೇ. 1853ರಲ್ಲಿ ಭಾರತಕ್ಕೆ ಬಂದ ಜರ್ಮನ್ ವಿದ್ವಾಂಸ ಕಿಟೆಲ್ಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಮಹಾನಿಘಂಟು ಕೂಡ ಕನ್ನಡಕ್ಕೆ ಇಂಗ್ಲಿಷಿನಲ್ಲಿಯೇ ಅರ್ಥ ಹೇಳುತ್ತದೆ. ಆದರೆ ಇಂಗ್ಲಿಷೆಂಬ ಸೇತುವೆ ಎಲ್ಲೆಡೆಯೂ ನಂಬತಕ್ಕದ್ದಲ್ಲ. ಅಲ್ಲಿ ಕಾಣಿಕೆಯೆನಿಸಿದ ‘ಗಿಫ್ಟ್’ ಜರ್ಮನಿನಲ್ಲಿ ವಿಷ!

ಸಂಸ್ಕೃತ ಪಾಠಶಾಲೆಯ ಕ್ರಮವು ಇಲ್ಲಿ ಹೆಚ್ಚು ಉಪಯುಕ್ತವಾದುದು. ಅಮರಸಿಂಹನ ಕೋಶದ ಹೆಸರೇ ನಾಮಲಿಂಗಾನುಶಾಸನ; ಅದು ಹೆಸರನ್ನೂ ಲಿಂಗವನ್ನೂ ಒಟ್ಟಿಗೇ ಬೋಧಿಸುತ್ತದೆ. ಹೆಂಡತಿಯೆಂಬ ಒಂದೇ ಅರ್ಥದಲ್ಲಿ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ ಎಂದರಿತ ವಿದ್ಯಾರ್ಥಿಯು, ಹುಡುಗಿಯೆಂಬರ್ಥದ ‘ಮೇಡ್‌ಶೆನ್’ ನಪುಂಸಕವೆಂದರೆ ಬೆರಗಾಗನು. ಹಿರೇಗುತ್ತಿಯಿರುವ ಕುಮಟಾ ಸೀಮೆಯ ಹವ್ಯಕರ ಮಕ್ಕಳಿಗಂತೂ ಇದು ಮನೆಯ ಮಾತು; ಅವರ ಆಡುನುಡಿಯಲ್ಲಿ ಅಕ್ಕನೂ ‘ಬಂತು’, ತಂಗಿಯೂ ‘ಬಂತು’. ಆದರೂ ಕಾರಣಗಳು ಬೇರೆ. ಹವಿಗನ್ನಡದ ಈ ಪ್ರಯೋಗವು ಸ್ತ್ರೀವಾಚಕಗಳಿಗೆಲ್ಲ ಸಾಮಾನ್ಯ. ಜರ್ಮನಿನಲ್ಲಿ ತಾಯಿ ಎಂಬರ್ಥದ ‘ಮುಟ್ಟರ್’ ಸ್ತ್ರೀಲಿಂಗವೇ. ‘ಮೇಡ್‌ಶೆನ್’ ಎಂಬಲ್ಲಿ ನಪುಂಸಕತ್ವವನ್ನು ತಂದುದು ಅಲ್ಪಾರ್ಥದ ‘ಶೆನ್’ ಪ್ರತ್ಯಯ. ಆ ಪ್ರತ್ಯಯಾಂತವಾದ ಶಬ್ದಗಳೆಲ್ಲ ನಪುಂಸಕಗಳೆಂದು ಒಮ್ಮೆ ತಿಳಿಸಿದರೆ ಸಾಕು.

ಸಮಾಸದಲ್ಲಿಯೂ ಹಳೆಯ ಅಭ್ಯಾಸವು ಕೈಹಿಡಿಯುವುದು. ತತ್ಪುರುಷದ ಲಿಂಗವು ಉತ್ತರಪದದಂತೆ ಎಂಬುದು ಪಾಣಿನಿಯ ವಿಧಿ. ಜರ್ಮನಿನಲ್ಲಿಯೂ ನಪುಂಸಕ ‘ಹೌಸ್’, ಸ್ತ್ರೀಲಿಂಗ ‘ಟ್ಯೂರ್’ ಸೇರಿ ಆದ ‘ಹೌಸ್‌ಟ್ಯೂರ್’, ಅಂದರೆ ಮನೆಬಾಗಿಲು, ಸ್ತ್ರೀಲಿಂಗವೇ. ಕೈ ಎಂಬರ್ಥದ ‘ಹಾಂಟ್’ ಸ್ತ್ರೀಲಿಂಗ, ಪಾದರಕ್ಷೆಯೆಂಬರ್ಥದ ‘ಶೂ’ ಪುಲ್ಲಿಂಗ. ಇವೆರಡರಿಂದಾದ ‘ಹಾಂಟ್‌ಶೂ’ ಪುಲ್ಲಿಂಗ. ಕೈಗವಸನ್ನು ಕೈಯ ಪಾದರಕ್ಷೆಯೆಂದ ಆ ಜನರ ಕಲ್ಪನೆಯು ವಿನೋದಕರವಾದುದು. ಇಂಥ ವಿಗ್ರಹವಾಕ್ಯವನ್ನು ಕೇಳಿದ ಬಾಲಕನು ಶಬ್ದವನ್ನು ಮರೆಯುವುದು ಕಷ್ಟ.

ಆದರೆ ಸಂಸ್ಕೃತಲಿಂಗವನ್ನೇ ಜರ್ಮನಿಗೆ ಹೊರಿಸಲಾಗದು. ಸಂಸ್ಕೃತದಲ್ಲಿ ಸೂರ್ಯಚಂದ್ರರಿಬ್ಬರೂ ಪುಲ್ಲಿಂಗ. ಜರ್ಮನಿನಲ್ಲಿ ಚಂದ್ರವಾಚಿಯಾದ ‘ಮೋಂಡ್’ ಪುಲ್ಲಿಂಗ, ಸೂರ್ಯವಾಚಿಯು ಸ್ತ್ರೀಲಿಂಗ. ಆ ಸೂರ್ಯವಾಚಿಯನ್ನು ನಮ್ಮ ಲಿಪಿಯಲ್ಲಿ ಸುಮಾರಾಗಿ ‘ಜೊನ್ನೆ’ ಎಂದು ಬರೆಯಬೇಕಾಗುವುದು; ಹಳಗನ್ನಡವನ್ನೋದಿದವನಿಗೆ ಜ್ಯೋತ್ಸ್ನೆಯ ತದ್ಭವವಾದ ‘ಜೊನ್ನ’ ನೆನಪಾಗಿ, ಬಿಸಿಲೇ ಬೆಳುದಿಂಗಳಾದೀತು. ಆದುದರಿಂದ ಬರಿಯ ಶಬ್ದವನ್ನು ಹೇಳಿಸದೆ, ‘ಡೀ ಜೊನ್ನೆ’, ‘ಡೇರ್ ಮೋಂಡ್’ ಎಂದು ನಿರ್ದೇಶಕಸಹಿತವಾಗಿಯೇ ಮೊದಲ ದಿನದಿಂದ ಹೇಳಿಸತಕ್ಕದ್ದು.